ಅಣವೀರಪ್ಪನವರು ಮತ್ತು ಮೂವತ್ತನಾಲ್ಕರ ಫೋರ್ಡು

ಅಣವೀರಪ್ಪನವರು ಯಾವ ಕಾರನ್ನೂ ಎದುರಿನಿಂದ ನೋಡುತ್ತಿರಲಿಲ್ಲ. ಎಡಭುಜವನ್ನು ಮುಂದುಮಾಡಿ, ಕತ್ತನ್ನು ತುಸು ಓರೆಯಾಗಿಸಿ, ಗೋಡೆಯ ಮಗ್ಗುಲಲ್ಲಿ ನಡೆಯುವವರಂತೆ ಕಾರಿನ ಮಗ್ಗುಲಲ್ಲೇ ಒಂದು ಸುತ್ತು ಬಂದು, ಬಾನೆಟ್ಟಿನ ಪಕ್ಕದಲ್ಲಿ ನಿಂತ ಮೇಲೆಯೇ ಅವರು ಬಾಯಿ ಬಿಡುತ್ತಿದ್ದುದು. ಆ ಬಾಯಿಂದ ಮೊದಲು ಬರುತ್ತಿದ್ದ ಮಾತು ಯಾವಾಗಲೂ ಒಂದೇ: "ತಡೀರಿ." ಮನುಷ್ಯರನ್ನು ಕಾಣುವಾಗಲೂ ಅವರದು ಇದೇ ಕ್ರಮವಾಗಿತ್ತು. ನಾನು ಮೊದಲ ಸಲ ಅವರೆದುರು ಹೋಗಿ ನಿಂತಾಗ ಅವರು ಮೆಲ್ಲಗೆ ಸರಿದು ನನ್ನ ಬಲಗಿವಿಯ ಕಡೆಗೆ ಬಂದು ನಿಂತರು. ಈ ಮನುಷ್ಯನಿಗೆ ಒಂದು ಕಣ್ಣು ಮಂದವಿರಬೇಕೆಂದು ನಾನು ಮರುಕಪಟ್ಟೆ. ಎರಡೂ ಕಣ್ಣು ಚೆನ್ನಾಗಿಯೇ ಇದ್ದವು.

"ಮಾರಿ ನೋಡಿ ಮೋಸ ಹೋಗಬ್ಯಾಡ್ರಿ ಪ್ರೊಫೆಸರ್ ಸಾಹೇಬ್ರ," ಎಂದು ಅವರು ಮುಂದೊಮ್ಮೆ ಹೇಳಿದರು. "ಮಾರಿ ಬದಲ್ ಮಾಡಬಹುದು. ಬಗಲಾಗ ನಿಂತು ನೋಡ್ರಿ."

ಇದು ೧೯೮೨ರ ಮಾತು. ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ನನ್ನ ಬಳಿ, ಮಳೆಗಾಲದಲ್ಲಿ ಕಡ್ಡಾಯವಾಗಿ ಮುನಿಸಿಕೊಳ್ಳುವ ಒಂದು ಹಳೆಯ ಫಿಯಾಟ್ ಇತ್ತು. ಮಲಾಡ್ ಮಾರ್ಕೆಟ್ಟಿನ ಹಿಂಬದಿಯ ತಗಡಿನ ಗ್ಯಾರೇಜಿನಲ್ಲಿ ಕನ್ನಡದವರೊಬ್ಬರಿದ್ದಾರೆಂದು ಯಾರೋ ಹೇಳಿದ್ದರಿಂದ ಅದನ್ನು ಅಲ್ಲಿಗೆ ಎಳೆಸಿಕೊಂಡು ಹೋದೆ. ಅರವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ಒಗೆದೊಗೆದು ಬೂದಿಯ ಬಣ್ಣಕ್ಕೆ ತಿರುಗಿದ ಖಾಕಿ ಕೋಟು. ಮೇ ತಿಂಗಳ ಬೆವರಿನಲ್ಲಿಯೂ ಅವರು ಆ ಕೋಟನ್ನು ಬಿಚ್ಚಿದ್ದನ್ನು ನಾನು ಕಾಣೆ. ಯುದ್ಧಕಾಲದಲ್ಲಿ ಮಿಲಿಟರಿ ಲಾರಿಗಳ ವರ್ಕ್‌ಶಾಪಿನಲ್ಲಿ ಕೆಲಸ ಕಲಿತಾಗ ಕೊಟ್ಟ ಕೋಟಿನ ಅಳತೆಗೇ ಆಮೇಲಿನ ಎಲ್ಲ ಕೋಟುಗಳನ್ನೂ ಹೊಲಿಸಿಕೊಂಡಿದ್ದರಂತೆ. ರೋಣದ ಕಡೆಯ ಹಳ್ಳಿಯಿಂದ ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಮದುವೆಯಾಗಿ ಆರನೆಯ ವರ್ಷಕ್ಕೆ ಹೆಂಡತಿ ಸೋಮವ್ವ ಊರಿನಲ್ಲಿಯೇ ತೀರಿಕೊಂಡಳು. ಇವರು ಮುಟ್ಟುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಮಕ್ಕಳಿರಲಿಲ್ಲ. ಇಷ್ಟನ್ನೂ ಅವರು ಹತ್ತು ವರ್ಷಗಳಲ್ಲಿ ಒಂದೇ ಸಲ, ಒಂದು ನಟ್ಟನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದ್ದರು.

ಗ್ಯಾರೇಜಿನವರು ಅವರನ್ನು ಗೌರವದಿಂದಲೇ ನಡೆಸಿಕೊಳ್ಳುತ್ತಿದ್ದರು. ಆದರೆ ಅವರೊಡನೆ ಮಾತಿಗೆ ಕೂರುವವರಿರಲಿಲ್ಲ. ಯಾರಾದರೂ "ನಿನ್ನೆ ಚರ್ಚ್‌ಗೇಟಿನಲ್ಲಿ ಮೂವತ್ಮೂರರ ಫೋರ್ಡ್ ನೋಡಿದೆ" ಎಂದರೆ ಸಾಕು, "ತಡೀರಿ. ಬಾನೆಟ್ ಹಿಡಿಕಿ ಒಂದೋ ಎರಡೋ?" ಎಂದು ಕೇಳಿಬಿಡುತ್ತಿದ್ದರು. ಹೇಳಿದವನ ಉತ್ಸಾಹ ಅಲ್ಲಿಗೆ ತೀರುತ್ತಿತ್ತು.

ಅಮೆರಿಕದ ಫೋರ್ಡ್ ಕಾರಿನ ೧೯೩೩, ೧೯೩೪ ಈ ಎರಡು ವರ್ಷಗಳ ಮಾದರಿಗಳು ಅಷ್ಟೊಂದು ಒಂದೇ ತೆರನಾಗಿದ್ದವು. ಅಣವೀರಪ್ಪನವರು ನನಗೆ ಬೇರ್ಪಡಿಸಿ ಕಲಿಸಿದ್ದು ಹೀಗೆ: ಮೂವತ್ತಮೂರರದಕ್ಕೆ ಮುಂದಿನ ಜಾಲರಿ ಕೆಳತುದಿಯಲ್ಲಿ ಮುಂದಕ್ಕೆ ಬಾಗಿರುತ್ತದೆ, ಬಾನೆಟ್ಟಿನ ಮಗ್ಗುಲಿನ ಗಾಳಿಸೀಳುಗಳೂ ಅದರ ಜೊತೆಗೆ ಬಾಗಿರುತ್ತವೆ, ಪ್ರತಿ ಮಗ್ಗುಲಿಗೆ ಒಂದೇ ಹಿಡಿಕೆ. ಮೂವತ್ತನಾಲ್ಕರದಕ್ಕೆ ಜಾಲರಿಯೂ ಸೀಳುಗಳೂ ನೆಟ್ಟಗೆ, ಹಿಡಿಕೆ ಎರಡೆರಡು. ಇಷ್ಟೇ ಆಗಿದ್ದರೆ ಯಾರಾದರೂ ಕಲಿಯಬಹುದಿತ್ತು. ಆದರೆ ಐವತ್ತು ವರ್ಷಗಳಲ್ಲಿ ಮುಂಬಯಿಯ ಗ್ಯಾರೇಜುಗಳು ಒಂದರ ಮೂತಿಯನ್ನು ಇನ್ನೊಂದಕ್ಕೆ ಕೂರಿಸಿ ಎಷ್ಟು ಕಾರುಗಳನ್ನು ಓಡಿಸಿದ್ದವೋ! ಆದ್ದರಿಂದ ಅಣವೀರಪ್ಪನವರು ಕೊನೆಗೆ ಬಾಗಿಲು ತೆಗೆದು ಒಳಗೆ ಕುಳಿತು ಕಿಟಕಿಯ ಗಾಜನ್ನು ಏರಿಸಿ ನೋಡುತ್ತಿದ್ದರು. ಮೂವತ್ತನಾಲ್ಕರ ಮುಚ್ಚುಗಾಡಿಯಲ್ಲಿ, ಗಾಜು ಪೂರ್ತಿ ಏರಿದ ಮೇಲೂ ಹಿಡಿಯನ್ನು ಇನ್ನರ್ಧ ಸುತ್ತು ತಿರುಗಿಸಿದರೆ, ಗಾಜು ಹಿಂದಕ್ಕೆ ಎರಡು ಮೂರು ಬೆರಳು ಜರುಗಿ, ಗಾಳಿಗೆಂದು ಒಂದು ಸಂದು ಬಿಡುತ್ತದೆ. ಮೂವತ್ತಮೂರರದು ಹಾಗೆ ಜರುಗುವುದಿಲ್ಲ.

೧೯೮೬ರ ಕೊನೆಯಲ್ಲಿ ಅವರನ್ನು ಬಾಂದ್ರಾದ ಸರಸ್ವತಮ್ಮನವರ ಮನೆಗೆ ಕರೆದೊಯ್ದವನು ನಾನೇ. ಸರಸ್ವತಮ್ಮನವರು ಮೈಸೂರಿನಲ್ಲಿ ನಮ್ಮ ತಾಯಿಯ ಜೊತೆ ಓದಿದವರು. ಅವರ ಯಜಮಾನರು ವೆಂಕಟಸುಬ್ಬಯ್ಯನವರು ಮಿಲ್ಲೊಂದರಲ್ಲಿ ಎಂಜಿನಿಯರಾಗಿದ್ದು ೧೯೮೪ರಲ್ಲಿ ತೀರಿಕೊಂಡಿದ್ದರು. ಮನೆಯ ಮಗ್ಗುಲ ಷೆಡ್ಡಿನಲ್ಲಿ ಅವರ ಕಪ್ಪು ಫೋರ್ಡು, ಅವರಿದ್ದಾಗಲೇ ಓಡುವುದನ್ನು ನಿಲ್ಲಿಸಿ, ಹನ್ನೆರಡು ವರ್ಷಗಳಿಂದ ನಿಂತೇ ಇತ್ತು. ಅದನ್ನು ಮತ್ತೊಮ್ಮೆ ಓಡಿಸಿ ನೋಡಬೇಕೆಂದು ಆಕೆಗೆ ಆಸೆಯಾಗಿತ್ತು. "ನಮ್ಮ ಮದುವೆಯಾದ ವರ್ಷದ ಕಾರು ಕಣಪ್ಪ, ಮೂವತ್ತಮೂರರದು," ಎಂದು ಮೊದಲ ದಿನವೇ ಹೇಳಿದರು. "ಐವತ್ತೆರಡರಲ್ಲಿ ತಂದರು. ಹೊಸಾ ಕಾರು ಬೇಡ, ಮೂವತ್ತಮೂರರದೇ ಬೇಕು ಅಂತ ಎರಡು ವರ್ಷ ಹುಡುಕಿದರು."

ಅಣವೀರಪ್ಪನವರು ಮಗ್ಗುಲಿನಿಂದ ಸುತ್ತು ಬಂದರು, ಒಳಗೆ ಕುಳಿತರು, ಇಳಿದರು. ಮುಂದಿನ ಭಾನುವಾರದಿಂದ ಕೆಲಸಕ್ಕೆ ಬರುತ್ತೇನೆಂದಷ್ಟೇ ಹೇಳಿದರು.

ಆಮೇಲಿನ ಒಂದು ವರ್ಷ ಅವರ ಬದುಕಿನಲ್ಲಿ ಭಾನುವಾರಗಳಿದ್ದವು. ಬೆಳಗಿನ ಲೋಕಲ್ ಹಿಡಿದು ಬಾಂದ್ರಾಕ್ಕೆ ಬರುವುದು, ಷೆಡ್ಡಿನಲ್ಲಿ ಕೆಲಸ, ಹನ್ನೊಂದಕ್ಕೆ ಕಾಫಿ. ಆಕೆಯ ಹಳೇಮೈಸೂರಿನ ಮೆದುಮಾತಿಗೂ ಇವರ ಗಡಸುಮಾತಿಗೂ ಮೊದಮೊದಲು ದುಭಾಷಿಯೊಬ್ಬ ಬೇಕಾಗಿತ್ತು. "ಕಾಫಿ ಆರೋಗತ್ತೆ, ಬನ್ನಿ" ಎಂದು ಆಕೆ ಕರೆದರೆ, "ಬಂದ್ನಿರೀ ಅವ್ವಾರ, ಕೈ ಎಣ್ಣಿ ಆಗೈತಿ" ಎಂದು ಇವರು. ಕ್ರಮೇಣ ಕಾಫಿಯ ಹೊತ್ತು ದೀರ್ಘವಾಯಿತು, ಕೆಲಸ ನಿಧಾನವಾಯಿತು. ಕೋಟಿನ ಗುಂಡಿಯೊಂದು ಉದುರಿದಾಗ ಆಕೆ ಕೋಟನ್ನು ಬಿಚ್ಚಿಸದೆ, ಅವರನ್ನು ನಿಲ್ಲಿಸಿಕೊಂಡೇ ಹೊಲಿದುಕೊಟ್ಟರು. ಉಸಿರು ಬಿಗಿಹಿಡಿದು ನಿಂತಿದ್ದ ಆ ಮುದುಕನ ಮುಖವನ್ನು ನಾನು ನೋಡಲಾರದೆ ಹೊರಗೆ ಹೋದೆ.

೧೯೮೭ರ ಡಿಸೆಂಬರಿನಲ್ಲಿ ಕಾರು ಸಿದ್ಧವಾಯಿತು. ನಗರದ ಹಳೆಯ ಕಾರುಗಳ ಮೆರವಣಿಗೆಗೆ ಅದನ್ನು ಸೇರಿಸಬೇಕೆಂದು ಆಕೆಯ ಮಗಳು ಅಲಮೇಲು ಬೆಂಗಳೂರಿನಿಂದ ಬರೆದಿದ್ದಳು. ಅರ್ಜಿಯನ್ನು ನಾನು ತುಂಬುತ್ತಿದ್ದೆ, ಸರಸ್ವತಮ್ಮನವರು ಹೇಳುತ್ತಿದ್ದರು, ಕೆಳಗೆ ಮೆಕ್ಯಾನಿಕ್ಕಿನ ರುಜು ಬೀಳಬೇಕಿತ್ತು.

"ಯಾವ ವರ್ಷದ್ದು?" ಎಂದೆ.

"ಅದನ್ನೂ ಕೇಳಬೇಕೆ? ಮೂವತ್ತಮೂರು."

"ತಡೀರಿ," ಎಂದರು ಅಣವೀರಪ್ಪ.

ನಾನು ತಲೆಯೆತ್ತಿದೆ. "ಅವ್ವಾರ, ಅದು ಮೂವತ್ನಾಲ್ಕರದು ಐತ್ರಿ. ಮೂತಿ, ಬಾನೆಟ್ ಅಷ್ಟ ಮೂವತ್ಮೂರರದು. ಬರ್ರಿ, ತೋರಸ್ತೇನಿ."

ಷೆಡ್ಡಿಗೆ ಹೋದೆವು. ಅವರು ಕಿಟಕಿಯ ಹಿಡಿಯನ್ನು ಕೊನೆಯ ಅರ್ಧ ಸುತ್ತು ತಿರುಗಿಸಿದರು. ಗಾಜು ಹಿಂದಕ್ಕೆ ಜರುಗಿತು. ಇಪ್ಪತ್ತೆರಡು ವರ್ಷ ಆ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಸರಸ್ವತಮ್ಮನವರು ಆ ಸಂದನ್ನು ಬಹಳ ಹೊತ್ತು ನೋಡಿದರು.

"ನಿಮಗೆ ಯಾವತ್ತಿನಿಂದ ಗೊತ್ತು?"

"ಮೊದಲನೇ ದಿನದಿಂದ್ರಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಯಾರೂ ಕೇಳಿದ್ದಿಲ್ರಿ," ಎಂದು ಅವರು ನೆಲ ನೋಡಿದರು.

"ನಮ್ಮೆಜಮಾನರು ಬದುಕಿರೋ ತನಕ ನನಗೆ ಸುಳ್ಳು ಹೇಳ್ತಾ ಇದ್ದರು ಅಂತೀರಾ?"

"ಅವರ ಮನಸು ನನಗ ಗೊತ್ತಿಲ್ರಿ. ಗಾಡಿ ವರ್ಷ ಅಷ್ಟ ಗೊತ್ತು."

ಆಕೆ ಸೆರಗನ್ನು ಹೊದ್ದುಕೊಂಡು ಒಳಗೆ ಹೋಗುತ್ತ, ತಿರುಗದೆಯೇ ಹೇಳಿದರು: "ಕೆಲಸ ಮುಗೀತಲ್ಲ. ಇನ್ನು ನೀವು ಬರೋದು ಬೇಡ."

ಸ್ಟೇಷನ್ನಿನ ದಾರಿಯುದ್ದಕ್ಕೂ ನಾನು ಅವರನ್ನು ಬೈದೆ. ಒಂದು ಅಂಕಿಗಾಗಿ ವೃದ್ಧೆಯೊಬ್ಬಳ ಐವತ್ತು ವರ್ಷದ ವಿಶ್ವಾಸಕ್ಕೆ ಕೈ ಹಾಕಬೇಕಿತ್ತೆ? ರುಜು ಹಾಕಿದ್ದರೆ ಯಾರ ಗಂಟು ಹೋಗುತ್ತಿತ್ತು? ಪ್ಲಾಟ್‌ಫಾರಮ್ಮಿಗೆ ಗಾಡಿ ಬಂದಾಗ ಅವರು, "ತಪ್ಪು ಮಾಡೇನ್ರಿ," ಎಂದರು. ಪಶ್ಚಾತ್ತಾಪವೆಂದುಕೊಂಡೆ. "ಮೊದಲನೇ ದಿನಾನ ಹೇಳಬೇಕಾಗಿತ್ತು. ಹೇಳಿದ್ರ ಮತ್ತ ಬರಾಕ ಆಗೂದಿಲ್ಲೋ ಏನೋ ಅಂತ ಸುಮ್ಮನಾದೆ. ಕಾಫಿ ಕುಡಕೋಂತ ಕುಂತೆ."

ಅದಾದ ಮೇಲೆ ಅವರ ಭಾನುವಾರಗಳು ಏನಾದವೆಂದು ನಾನು ವಿಚಾರಿಸಲಿಲ್ಲ, ನನಗೂ ಮುನಿಸಿತ್ತು. ಹನ್ನೊಂದು ತಿಂಗಳು ಕಳೆದು ಒಂದು ಬೆಳಿಗ್ಗೆ ಅವರೇ ಪಾರ್ಲೆಯ ನಮ್ಮ ಬಿಲ್ಡಿಂಗಿಗೆ ಬಂದು, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತು, "ಸಿಕ್ಕಾನ್ರಿ," ಎಂದರು.

ಬಾನೆಟ್ಟಿನ ಒಳಮೈಯಲ್ಲಿ ಹಿತ್ತಾಳೆಯ ಬೆಸುಗೆಯೊಂದನ್ನು ಅವರು ಕೆಲಸದ ದಿನಗಳಲ್ಲಿಯೇ ಕಂಡಿದ್ದರು. ಅಷ್ಟು ನಯವಾದ ಬೆಸುಗೆ ಹಾಕಬಲ್ಲ ಕೈಗಳು ಐವತ್ತರ ದಶಕದ ಮುಂಬಯಿಯಲ್ಲಿ ಬಹಳ ಇದ್ದಿರಲಾರವು. ಅದನ್ನು ಹಾಕಿದವನನ್ನು ಹುಡುಕುತ್ತ ಪ್ರತಿ ಭಾನುವಾರ ಲೋಕಲ್ ಹತ್ತಿ, ಬೈಕಲಾ, ಗ್ರಾಂಟ್ ರೋಡ್, ಪರೇಲ್ ಎಂದು ಹಳೆಯ ಗ್ಯಾರೇಜುಗಳನ್ನೂ, ಬದುಕಿ ಉಳಿದ ತಗಡು ಕೆಲಸದ ಮುದುಕರನ್ನೂ ವಿಚಾರಿಸುತ್ತ ಅಲೆದಿದ್ದರು. ಕೊನೆಗೆ ಕುರ್ಲಾದ ಚಾಳೊಂದರಲ್ಲಿ ದೂಜ ಎಂಬುವರು ಸಿಕ್ಕಿದ್ದರು. ಕಾರ್ಕಳದ ಕಡೆಯವರು, ಎಪ್ಪತ್ತೈದು ದಾಟಿದವರು, ಕಣ್ಣಿಗೆ ಪೊರೆ ಬಂದವರು.

"ನೀವ ಕರಕೊಂಡು ಹೋಗ್ರಿ," ಎಂದರು. "ನನಗ ಆ ಮನಿಗೆ ಬರಬ್ಯಾಡ ಅಂದಾರ."

ಕುರ್ಲಾದಿಂದ ದೂಜರನ್ನು ಕರೆತರಲು ಹೊರಟಾಗ ನಾನು ಅಣವೀರಪ್ಪನವರನ್ನೂ ಬಲವಂತವಾಗಿ ಟ್ಯಾಕ್ಸಿಗೆ ಹತ್ತಿಸಿದೆ. ಬಾಂದ್ರಾದಲ್ಲಿ ಅವರು ಗೇಟಿನ ಹೊರಗೇ ನಿಂತರು. ಸರಸ್ವತಮ್ಮನವರು ನನ್ನಿಂದ ವಿಷಯ ಕೇಳಿ ಷೆಡ್ಡಿನ ಬಾಗಿಲು ತೆಗೆಸಿದರು. ದೂಜರು ಬಾನೆಟ್ಟಿನೊಳಗೆ ಕೈಯಿಟ್ಟು ಬೆರಳುಗಳಿಂದ ತಡವುತ್ತ ಹೋಗಿ, ಒಂದು ಕಡೆ ತಡೆದರು.

"ಇದು ನನ್ನದೇ ಕೆಲಸ ಅಮ್ಮ. ನಿಮ್ಮ ಸಾಹೇಬ್ರು ಉದ್ದ ಅಲ್ವಾ, ಪೈಪ್ ಸೇದ್ತಿದ್ರು? ಮೂವತ್ಮೂರರ ಗಾಡಿ ಎಲ್ಲಿಯೂ ಸಿಗ್ಲಿಲ್ಲ ಮಾರಾಯ್ರೆ ಅವರಿಗೆ. ಒಂದು ಸಿಕ್ಕಿದ್ದು ಮುಂದೆ ಪೂರ್ತಿ ಒಳ್ಳೇದಿತ್ತು, ಹಿಂದೆ ಲಾರಿ ಹೊಡೆದು ಚೂರು. ಅದರ ಮೂತಿ, ಬಾನೆಟ್ ತಕ್ಕೊಂಡು ಈ ಗಾಡಿಗೆ ಕೂರಿಸು ಅಂದ್ರು. ನಾನು ಹೇಳಿದೆ, ಸಾಬ್, ಇದು ಯಾಕೆ, ಬೇಕಾರ್ ಮೆಹನತ್, ದಂಡದ ಕೆಲಸ. ಅವರು ಹೇಳಿದ್ರು, ನನ್ನ ಹೆಂಡತಿ ಕೂತು ನೋಡುವಾಗ ಅವಳ ಎದುರಿಗೆ ಕಾಣುವಷ್ಟಾದರೂ ಮೂವತ್ಮೂರು ಇರಲಿ ಅಂತ. ದಿನಾ ಸಂಜೆ ಬಂದು ಪಕ್ಕದಲ್ಲಿ ನಿಲ್ತಿದ್ರು. ಒಂದೂವರೆ ತಿಂಗಳಿನ ಕೆಲಸ ಅದು."

ಸರಸ್ವತಮ್ಮನವರು ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತರು. "ಒಂದು ಮಾತು ಹೇಳಿದ್ದರೆ ನಾನೇನು ಬೇಡ ಅಂತಿದ್ದೆನೆ?" ಎಂದು ಯಾರಿಗೋ ಎಂಬಂತೆ ಕೇಳಿದರು. ಸ್ವಲ್ಪ ಅತ್ತರು, ಆಮೇಲೆ ನಕ್ಕರು. ನನ್ನ ಕಡೆ ತಿರುಗಿ, "ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಿದಾರಲ್ಲ, ಅವರನ್ನ ಒಳಕ್ಕೆ ಕರಿ. ಅರ್ಜಿ ಮತ್ತೆ ಬರೀಬೇಕು," ಎಂದರು.

೧೯೮೯ರ ಆರಂಭದಲ್ಲಿ ನಡೆದ ಮೆರವಣಿಗೆಯಲ್ಲಿ ಆ ಕಾರು ಹೋಯಿತು. ಅಣವೀರಪ್ಪನವರು ಓಡಿಸಿದರು, ಸರಸ್ವತಮ್ಮನವರು ಪಕ್ಕದಲ್ಲಿ ಕುಳಿತಿದ್ದರು, ಫಲಕದ ಮೇಲೆ ೧೯೩೪ ಎಂದು ಬರೆದಿತ್ತು. ಮಾಹಿಮಿನ ಹತ್ತಿರ ನೋಡುಗರಲ್ಲಿ ಒಬ್ಬ, ಜಾಲರಿಯನ್ನು ತೋರಿಸಿ, ವರ್ಷ ತಪ್ಪಾಗಿ ಬರೆದಿದೆಯೆಂದು ಇಂಗ್ಲಿಷಿನಲ್ಲಿ ಹೇಳಿದನಂತೆ. ಅಣವೀರಪ್ಪನವರು ಬಾಯಿ ತೆರೆಯುವುದಕ್ಕೆ ಮುಂಚೆಯೇ ಆಕೆ ಕಿಟಕಿಯ ಹಿಡಿಯನ್ನು ತಿರುಗಿಸಿ ಅವನಿಗೆ ತೋರಿಸಿದರಂತೆ. ಇದನ್ನು ನನಗೆ ಹೇಳುವಾಗ ಅಣವೀರಪ್ಪನವರು ನಗುತ್ತಿದ್ದರು; ಅವರ ಹಲ್ಲುಗಳನ್ನು ನಾನು ಕಂಡದ್ದು ಅದೇ ಮೊದಲು.

ಆದರೆ ಭಾನುವಾರಗಳು ಬಹಳ ದಿನ ಉಳಿಯಲಿಲ್ಲ. ಆಕೆಗೆ ಮೆಟ್ಟಿಲು ಹತ್ತುವುದು ಕಷ್ಟವಾಗಿ, ೧೯೯೦ರಲ್ಲಿ ಅಲಮೇಲು ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಕಾರನ್ನು ಪುಣೆಯವರೊಬ್ಬರು ಕೊಂಡರು. ಹೊರಡುವ ದಿನ ಆಕೆ, "ನೀವೂ ಒಂದು ಸಲ ಬೆಂಗಳೂರಿಗೆ ಬನ್ನಿ," ಎಂದರು. "ನೋಡೂಣ್ರಿ," ಎಂದು ಇವರು ಅಂದರು. ಹೋಗುವುದಿಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಆಮೇಲೆಯೂ ಅವರು ಭಾನುವಾರ ಬೆಳಿಗ್ಗೆ ಬಾಂದ್ರಾದಲ್ಲಿ ಇಳಿಯುತ್ತಿದ್ದುದನ್ನು ನಾನು ಎರಡು ಸಲ ಕಂಡೆ. ಸ್ಟೇಷನ್ನಿನ ಹೊರಗೆ ಒಂದು ಕಪ್ ಚಹಾ ಕುಡಿದು, ಮುಂದಿನ ಗಾಡಿಗೆ ಮಲಾಡಿಗೆ ಮರಳುತ್ತಿದ್ದರು. ಎರಡನೆಯ ಸಲ ಕೂಗಬೇಕೆಂದುಕೊಂಡೆ, ಕೂಗಲಿಲ್ಲ. ೧೯೯೨ರ ಮಳೆಗಾಲದಲ್ಲಿ ಜ್ವರ ಬಂದು, ನಾಲ್ಕು ದಿನ ಮಲಗಿ, ತಮ್ಮ ಚಾಳಿನ ಕೋಣೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಗ್ಯಾರೇಜಿನವರೂ ನಾನೂ ಸೇರಿ ಆರು ಜನರಿದ್ದೆವು.

ಲೋಕದ ಒಡನಾಟವೆಲ್ಲ ಚಿಕ್ಕಪುಟ್ಟ ವ್ಯತ್ಯಾಸಗಳನ್ನು ಕಂಡೂ ಕಾಣದಂತೆ ಬಿಡುವುದರಲ್ಲಿ ನಡೆಯುತ್ತದೆ. ಹಾಗೆ ಬಿಡಲಾರದವರು ಎಲ್ಲ ಊರುಗಳಲ್ಲಿಯೂ ಒಬ್ಬಿಬ್ಬರಿರುತ್ತಾರೆ, ಎಲ್ಲ ಊರುಗಳಲ್ಲಿಯೂ ಅವರು ಒಂಟಿಯಾಗಿಯೇ ಇರುತ್ತಾರೆ. ಅವರದು ಹಟವೆಂದು ನಾವು ದೂರವಿಡುತ್ತೇವೆ. ನಿಜ ಹೇಳುವವರು ನಿರ್ದಯರೆಂಬ ನಮ್ಮ ಎಣಿಕೆ ಅರ್ಧ ಮಾತ್ರ ಸರಿ. ಅರ್ಧ ನಿಜವನ್ನು ಹೇಳಿ ನಿಂತುಬಿಡುವವರು ನಿರ್ದಯರು. ಉಳಿದರ್ಧಕ್ಕಾಗಿ ಹನ್ನೊಂದು ತಿಂಗಳು, ಯಾರೂ ಕಳಿಸದೆ, ಯಾರೂ ಕಾಯದೆ ಅಲೆಯುವವರ ಜಾತಿಯೇ ಬೇರೆ. ಅವರಿರುವ ತನಕ ಆ ವ್ಯತ್ಯಾಸವನ್ನು ಗುರುತಿಸುವ ಕಷ್ಟವನ್ನು ನಾವು ತೆಗೆದುಕೊಳ್ಳುವುದಿಲ್ಲ.