ಸೂಜಿ ಹಿಡಿದರೆ ತುಳಿಯುವ ಕಾಲು

ಟೈಲರಕ್ಕನ ಬಲಗಾಲಿನ ಮೂಳೆ ಮುರಿದು ಆರು ತಿಂಗಳಾದರೂ ಕೂಡಿರಲಿಲ್ಲ. ಮಿಷನ್ ತುಳಿಯುತ್ತಿದ್ದದ್ದು ಆ ಕಾಲೇ. ಅದು ಕೈಕೊಟ್ಟರೆ ಅಂಗಡಿಗೆ ಬೀಗ. ಅಂಗಡಿಯಿಲ್ಲದೆ ದಿನವಿಡೀ ಏನು ಮಾಡುವುದು ಎಂಬುದು ಅಕ್ಕನಿಗೆ ಹೊಳೆಯಲೇ ಇಲ್ಲ.

"ಸೊಂಟದ ಮೂಳೆಯಿಂದ ಒಂಚೂರು ತೆಗೆದು ಈ ಸಂದಿಗೆ ತುಂಬಿ, ಪ್ಲೇಟ್ ಹಾಕ್ತೀವಿ," ಎಂದರು ಡಾಕ್ಟರು, ಎಕ್ಸ್‌ರೇ ಬೆಳಕಿಗೆ ಹಿಡಿದು.

"ತೇಪೆ ಅನ್ನಿ. ಅಲ್ಲಿ ಸಾಲುತ್ತಾ?" ಎಂದಳು ಅಕ್ಕ.

"ನಿಂಗೆ ಅಲ್ಲಿ ಧಾರಾಳವಾಗಿದೆ ಬಿಡು," ಎಂದ ಗಂಡ.

"ಮನೆಗೆ ಬನ್ನಿ, ಮಾತಾಡೋಣ."

"ಆದ್ರೆ ಯಾಕೆ ಕೂಡ್ಲಿಲ್ಲ ಅನ್ನೋದೇ ಗೊತ್ತಾಗ್ತಿಲ್ಲ," ಎಂದರು ಡಾಕ್ಟರು. "ಶುಗರ್ ಇಲ್ಲ, ಸಿಗರೇಟಿಲ್ಲ. ಕಾಲೇನಾದ್ರೂ ಅಲ್ಲಾಡಿಸಿದ್ರಾ?"

"ಎಲ್ಲಿ ಡಾಕ್ಟ್ರೇ! ಮಹಾರಾಣಿ ಥರ ಮಲಗಿದ್ಲು," ಎಂದ ಗಂಡ. "ಒಂದಿಷ್ಟು ಕೈಹೊಲಿಗೆ ಅಷ್ಟೇ."

ಅಕ್ಕನ ಕಣ್ಣು ಮಾತ್ರ ಡಾಕ್ಟರ ಕೋಟಿನ ಮೇಲಿತ್ತು. ಒಂದು ಗುಂಡಿ ಇನ್ನೇನು ಬಿದ್ದೇ ಹೋಗುವಂತಿತ್ತು.

"ನಂಗೆ ನೋಡಕ್ಕಾಗ್ತಿಲ್ಲ, ಕೊಡಿ ಇಲ್ಲಿ."

ಕೋಟು ಕೈಗೆ ಬಂತು. ಅಕ್ಕ ಪರ್ಸಿನಿಂದ ಸೂಜಿ ತೆಗೆದು ಗುಂಡಿಗೆ ಚುಚ್ಚಿದಳು. ಪ್ಲಾಸ್ಟರಿನಾಚೆ ಇಣುಕುತ್ತಿದ್ದ ಕಾಲ್ಬೆರಳುಗಳು ಮಡಚಿಕೊಂಡವು. ಆಮೇಲೆ ಇಡೀ ಕಾಲು ಸ್ಟೂಲಿನ ಮೇಲೆ ಟಕ್ ಟಕ್ ಎನ್ನತೊಡಗಿತು.

"ಸೂಜಿ ಕೆಳಗಿಡಿ," ಎಂದರು ಡಾಕ್ಟರು.

ಕಾಲು ನಿಂತಿತು.

"ತಗೊಳ್ಳಿ."

ಟಕ್ ಟಕ್.

"ಕೈಹೊಲಿಗೇನೂ ತುಳಿದೇ ಹೊಲಿತೀರಾ ಅಮ್ಮ?"

ಅಕ್ಕ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದಳು. "ನಾನೆಲ್ಲಿ ತುಳಿತಿದೀನಿ? ಅದೇ ಹೋಗ್ತಿದೆ."

ಆಪರೇಷನ್ ಆಯಿತು. ಮೂಳೆ ಕೂಡುವ ತನಕ ಸೂಜಿ ಮುಟ್ಟುವಂತಿಲ್ಲ, ಇದನ್ನೂ ಕೆಡಿಸಿಕೊಂಡರೆ ಮಿಷನ್ ಮಾರಿಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹೊಲಿದುಕೊಡಲು ಒಪ್ಪಿಕೊಂಡಿದ್ದ ಬಟ್ಟೆಗಳು ಗಂಡನ ಪಾಲಾದವು. ಅವನು ಅಕ್ಕನ ಮಂಚದ ಪಕ್ಕದಲ್ಲೇ ಕುಳಿತು ಪಕ್ಕದ ಮನೆ ಮೇಷ್ಟ್ರ ಪ್ಯಾಂಟಿನ ಅಂಚು ಮಡಚಿದ. ಒಂದು ಕಾಲು ಪಾದ ಮುಟ್ಟಿತು, ಇನ್ನೊಂದು ಮೀನಖಂಡದಲ್ಲೇ ಮುಗಿಯಿತು. ನಡುವಿನ ಹೊಲಿಗೆ ಕುಡಿದವನ ನಡಿಗೆ.

'ಕೊಡಿ ಇಲ್ಲಿ' ಎಂಬ ಮಾತು ಅಕ್ಕನ ಗಂಟಲಿಗೆ ಬಂತು. ಕಾಲಿನ ಹೆಬ್ಬೆರಳು ಎದ್ದಿತು. ಅವಳು ಎರಡೂ ಕೈಗಳನ್ನು ದಿಂಬಿನಡಿ ತುರುಕಿ ಗೋಡೆ ಕಡೆ ಮುಖ ಮಾಡಿದಳು.

"ಹೇಗಿದೆ?"

"ತುಂಬಾ ಚೆನ್ನಾಗಿದೆ ರೀ."

ತಿಂಗಳುಗಟ್ಟಲೆ ಅವನ ಹೊಲಿಗೆಯನ್ನೆಲ್ಲ ಅವಳು ಗೋಡೆ ನೋಡಿಕೊಂಡೇ ಹೊಗಳಿದಳು. ಅವನು ಹಿಗ್ಗಿ ಜಾಕೆಟ್ಟಿಗೂ ಕೈಹಾಕಿದ.

ಕೊನೆಗೆ ಎಕ್ಸ್‌ರೇಯಲ್ಲಿ ಸಂದಿ ಮುಚ್ಚಿತ್ತು. ಮಿಷನ್ ತುಳಿಯಬಹುದು, ನಿಧಾನವಾಗಿ ಎಂದರು ಡಾಕ್ಟರು. ಅಕ್ಕ ನೇರ ಅಂಗಡಿಗೆ ಬಂದು, ಅವನು ಹೊಲಿದಿದ್ದ ಜಾಕೆಟ್ ಎತ್ತಿಕೊಂಡು ಹೊಲಿಗೆ ಬಿಚ್ಚತೊಡಗಿದಳು.

"ತುಂಬಾ ಚೆನ್ನಾಗಿದೆ ಅಂದಿದ್ಯಲ್ಲೇ!" ಎಂದ ಗಂಡ.

"ಮೂಳೆ ಕೂಡೋವರ್ಗೂ ಚೆನ್ನಾಗೇ ಇತ್ತು."