ಕೆಳಗಿನ ಮೂಲೆಯ ಬುಟ್ಟಿ

ಬ್ಯಾಡಗಿ ಪೇಟೆಯಲ್ಲಿ ಪ್ರಭುಲಿಂಗಪ್ಪನ ಕಣ್ಣನ್ನು ಯಾರೂ ನಂಬುತ್ತಿರಲಿಲ್ಲ. ಅಷ್ಟು ದಪ್ಪ ಕನ್ನಡಕ. ಮಾತನ್ನಂತೂ ಹೆಂಡತಿ ಶಾರದವ್ವನೇ ನಂಬುತ್ತಿರಲಿಲ್ಲ. ಆದರೆ ಅವನ ಕೈಯನ್ನು ಇಡೀ ಪೇಟೆ ನಂಬುತ್ತಿತ್ತು. ಮೆಣಸಿನಕಾಯಿ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಒಂದು ಹಿಡಿ ತೆಗೆದು ಹಿಚುಕಿದನೆಂದರೆ ತೀರಿತು. ಒಣ ಎಂದರೆ ಒಣ, ಹಸಿ ಎಂದರೆ ಹಸಿ. ತೂಕ ಹೆಚ್ಚಲೆಂದು ಕಾಯಿಗೆ ನೀರು ಚಿಮುಕಿಸಿ ತಂದ ಎಷ್ಟೋ ಜಾಣರು ಅವನನ್ನು ದೂರದಿಂದ ಕಂಡೇ ಚೀಲದ ಬಾಯಿ ಕಟ್ಟಿಕೊಂಡು ಹೋಗಿದ್ದುಂಟು.

ಇಂಥ ಪ್ರಭುಲಿಂಗಪ್ಪ ಊರ ಹೊರಗಿನ ತನ್ನ ಎಂಟೆಕರೆ ಹೊಲವನ್ನು ಹುಬ್ಬಳ್ಳಿಯ ವಿಜಯಮಹಾಂತೇಶನಿಗೆ ಮಾರಲು ಒಪ್ಪಿದ್ದ. ಅಲ್ಲಿ ದೊಡ್ಡದೊಂದು ಬಡಾವಣೆ ಏಳಲಿತ್ತು. ಮೊದಲ ಮನೆ, ಬಾಲ್ಕನಿ ಸಮೇತ, ಶಾರದವ್ವನಿಗೆ. ಅಡಿಪಾಯಕ್ಕೆ ಗುದ್ದಲಿ ಬೀಳುವ ಮೊದಲೇ ಆಕೆ ಬಾಲ್ಕನಿಯ ಉಯ್ಯಾಲೆಗೆ ಬಣ್ಣ ಗೊತ್ತುಮಾಡಿದ್ದಳು.

ಅಡ್ಡ ನಿಂತವಳು ಕರೆವ್ವ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಹಿರಿಯಳು. ಮನೆ ಆ ಹೊಲದ ಪಕ್ಕದ ಓಣಿಯಲ್ಲಿ. ಮಳೆಗಾಲದ ನೀರೆಲ್ಲ ಹೊಲದ ಕೆಳಗಿನ ಮೂಲೆಯ ಹಳ್ಳದಲ್ಲಿ ಹಾದು ಕೆರೆ ಸೇರುತ್ತದೆ. ಅಲ್ಲಿ ಮಣ್ಣು ಹೇರಿ ಮನೆ ಕಟ್ಟಿದರೆ ಕೆರೆಗೆ ಹನಿ ಸಿಗುವುದಿಲ್ಲ, ನೀರು ನೇರ ತಮ್ಮ ಒಲೆಗೆ ಬರುತ್ತದೆ ಎಂಬುದು ಅವಳ ತಕರಾರು. ವಿಜಯಮಹಾಂತೇಶನ ಬಣ್ಣದ ನಕ್ಷೆಯಲ್ಲಿ ಹಳ್ಳವೇ ಇರಲಿಲ್ಲ. ಅದು ಇರಬೇಕಾದಲ್ಲಿ ಗಂಡ ಹೆಂಡತಿ ನಗುನಗುತ್ತ ಬ್ಯಾಡ್ಮಿಂಟನ್ ಆಡುತ್ತಿದ್ದರು.

"ಅದೇನ್ ಹಳ್ಳಾ ಬಿಡ್ರಿ, ನಾಕ್ ದಿನ ಹರಿತೈತಿ, ಒಣಗತೈತಿ," ಎಂದು ಪ್ರಭುಲಿಂಗಪ್ಪ ಕಂಡಕಂಡವರಿಗೆ ಹೇಳುತ್ತಿದ್ದ. ಹೇಳಿದಾಗಲೆಲ್ಲ ಅಪ್ಪ ನೆನಪಾಗುತ್ತಿದ್ದ. ಅವನ ಅಪ್ಪ ಆ ಮೂಲೆಯಲ್ಲಿ ಒಂದು ದಿನವೂ ಕಾಯಿ ಒಣಹಾಕಿದವನಲ್ಲ.

ಫೆಬ್ರುವರಿಯಲ್ಲಿ ಜನರ ಅಹವಾಲು ಕೇಳಲೆಂದು ಹೊಲದಲ್ಲೇ ಸಭೆ ಸೇರಿತು. ಹಳ್ಳ ಬತ್ತಿದ ಕೆಳಗಿನ ಮೂಲೆ ಸಮತಟ್ಟಾಗಿ ಕಾಣುತ್ತದೆಯೆಂದು ಶಾಮಿಯಾನವನ್ನು ಅಲ್ಲೇ ಹಾಕಿದ್ದರು. ಪೇಟೆಯ ವ್ಯಾಪಾರಿಗಳೆಲ್ಲ ನಿವೇಶನ ಹಿಡಿಯಲು ಬಂದು ಕೂತಿದ್ದರು. ವಿಜಯಮಹಾಂತೇಶ ಮೈಕು ಹಿಡಿಯುವ ಹೊತ್ತಿಗೆ ಕರೆವ್ವ ಎರಡು ಬುಟ್ಟಿ ಮೆಣಸಿನಕಾಯಿ ಹೊರಿಸಿಕೊಂಡು ಬಂದು ಪ್ರಭುಲಿಂಗಪ್ಪನ ಮುಂದೆ ಇಳಿಸಿದಳು.

"ಸಾವ್ಕಾರ್ರ, ಮೀಟಿಂಗ್ ಆಮ್ಯಾಲ ಮಾಡ್ರಿ. ಈ ಕಾಯಿ ಹ್ಯಾಂಗದಾವು, ಒಂದೀಟು ನೋಡ್ರಿ."

ಮೆಣಸಿನಕಾಯಿ ಕಂಡರೆ ಪ್ರಭುಲಿಂಗಪ್ಪನ ಕೈ ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ಮೊದಲ ಬುಟ್ಟಿಯ ತಳಕ್ಕೆ ಹೋಯಿತು. ಹಿಡಿಯೊಳಗೆ ಗರಗರ ಸದ್ದು. "ಭೇಷ್!" ಎಂದ. ಎರಡನೆಯದರ ತಳಕ್ಕೆ ಹೋಯಿತು. ಸದ್ದೇ ಇಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿತು.

"ಯಾವಾಂವಲೇ ಇದಕ್ಕ ನೀರು ಹೊಡದಾಂವ? ತಳಾ ಎಲ್ಲಾ ಹಸಿ! ತೊಗೊಂಡು ಹೋಗಂತ ಹೇಳು!"

"ಯಾರೂ ಹೊಡದಿಲ್ರಿ," ಎಂದಳು ಕರೆವ್ವ. "ಎರಡೂ ಒಂದ ಚೀಲದ ಕಾಯಿ. ಆ ಬುಟ್ಟಿ ಮೂರು ದಿನ ಮ್ಯಾಲಿನ ದಿಬ್ಬದಾಗ ಕುಂತಿತ್ತು. ಇದು ಮೂರು ದಿನ ಇಲ್ಲೇ, ನೀವು ನಿಂತಲ್ಲೇ ಕುಂತಿತ್ತು."

ವ್ಯಾಪಾರಿಗಳೆಲ್ಲ ಒಮ್ಮೆಲೇ ನೆಲ ನೋಡಿದರು. ಒಬ್ಬಿಬ್ಬರು ಚಪ್ಪಲಿ ಎತ್ತಿ ಅದರ ತಳವನ್ನೂ ನೋಡಿಕೊಂಡರು. ಬಿಸಿಲಲ್ಲೇ ಹೀಗಾದರೆ ಶ್ರಾವಣದಲ್ಲಿ ಏನು ಗತಿ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ವಿಜಯಮಹಾಂತೇಶ ಮೈಕಿನಲ್ಲೇ ನಕ್ಕ. "ಇಬ್ಬನಿರೀ ಅದು, ಬರೇ ಇಬ್ಬನಿ! ಯಜಮಾನ್ರ, ನೀವರ ಹೇಳ್ರಿ ಇವ್ರಿಗೆ."

ಹೌದು ಎಂದರೆ ಸಾಕಿತ್ತು. ಹೊಲ ಮಾರಾಟವಾಗುತ್ತಿತ್ತು, ಬಾಲ್ಕನಿ ಬರುತ್ತಿತ್ತು. ಮುಂದಿನ ಸಾಲಿನಿಂದ ಶಾರದವ್ವ ಹೌದು ಎನ್ನುವಂತೆ ಕಣ್ಣಲ್ಲೇ ಗದರುತ್ತಿದ್ದಳು. ಪ್ರಭುಲಿಂಗಪ್ಪ ಬಾಯಿ ತೆರೆದ. ತೆರೆದವನು ಕರೆವ್ವನ ಮುಖ ನೋಡಿಬಿಟ್ಟ. ಗೆದ್ದವಳ ಬಿಂಕ ಅಲ್ಲಿ ಇರಲಿಲ್ಲ. ಅವನು ಏನನ್ನುತ್ತಾನೋ ಎಂದು ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಅವನಿಗೆ ಬಹಳ ನಾಚಿಕೆಯಾಯಿತು.

"ಇಬ್ಬನಿ ಮ್ಯಾಲಿಂದ ಬೀಳತೈತೋ ತಮ್ಮಾ," ಎಂದ. "ಇದು ನೆಲದಾಗಿಂದ ಏರೇತಿ. ಇಲ್ಲಿ ನೀರಿನ ದಾರಿ ಐತಿ. ಮನಿ ಕಟ್ಟಬ್ಯಾಡ್ರಿ."

ವಿಜಯಮಹಾಂತೇಶ ಮೈಕು ಕೆಳಗಿಟ್ಟು ಹತ್ತಿರ ಬಂದ. "ಯಜಮಾನ್ರ, ಏನ್ ಮಾತಾಡಾಕತ್ತೀರಿ? ಹೊಲ ನಿಮ್ದ ಐತಲ್ರಿ!"

"ನಂದ ಐತಿ. ಅದಕ್ಕ ಹೇಳಾಕತ್ತೇನಿ," ಎಂದ ಪ್ರಭುಲಿಂಗಪ್ಪ. "ಮಂದಿ ಹೊಲ ಆಗಿದ್ರ ಸುಮ್ನ ಕುಂತು ಚಾ ಕುಡೀತಿದ್ದೆ."