ಹದಿನೇಳನೇ ನಂಬರಿನ ಮುದ್ರೆ

"ಮಗ್ಗದ ಗುಂಡಿಯೊಳಗ ಕುಂಡಿ ಸವೆಸಿದಾಕಿನ್ನ ತಂದು ವಿಮಾನದ ಕೆಲಸಕ್ಕ ಕುಂಡ್ರಿಸಿದ್ನಲ್ಲ, ನನ್ನ ಮೆಟ್ಟಿಲೆ ನಾನಽ ಹೊಡ್ಕೋಬೇಕು."

ಸುಭಾಸ ಸಾವ್ಕಾರ ಕೈಯಲ್ಲಿದ್ದ ಬುಶ್ ಬೀಸಿ ಒಗೆದ. ಹೆಬ್ಬೆರಳಿನ ಗಾತ್ರದ ಆ ಉಕ್ಕಿನ ಕೊಳವೆ ಕಳಕವ್ವನ ಕಣಕಾಲಿಗೆ ಬಡಿದು ಲೇತ್ ಯಂತ್ರದ ಕೆಳಗೆ ಉರುಳಿತು. ಅವಳು ಬಗ್ಗಿ ಅದನ್ನು ತೆಗೆದು, ಸೆರಗಿನಿಂದ ಒರೆಸಿ, ಮೇಜಿನ ಮೂಲೆಗೆ ಬೇರೆಯಾಗಿ ಇಟ್ಟಳು.

"ನೆಲಕ್ಕ ಬಿದ್ದದ್ದನ್ನ ಮತ್ತ ಮಾಲಿನ್ಯಾಗ ಕೂಡಸಬಾರದಂತ ನೀವಽ ಹೇಳೀರ್ರಿ."

"ಬಾಯಿ ಮುಚ್ಚ, ಹಲ್ಕಟ್."

ಬೆಟಗೇರಿಯ ಆ ತಗಡಿನ ಶೆಡ್ಡಿನಲ್ಲಿ ಹತ್ತೊಂಬತ್ತು ಮಂದಿ ದುಡಿಯುತ್ತಿದ್ದರು. ವಿಮಾನದ ರೆಕ್ಕೆಯ ಕೀಲಿನೊಳಗೆ ಕೂಡುವ ಬುಶ್‌ಗಳು ಇಲ್ಲಿ ತಯಾರಾಗಿ ಬೆಂಗಳೂರಿನ ಒಂದು ಕಂಪನಿಗೆ ಹೋಗುತ್ತಿದ್ದವು. ಕಂಪನಿ ನೂರಕ್ಕೆ ನಾಲ್ಕನ್ನು ಆರಿಸಿ ಪರೀಕ್ಷೆ ಮಾಡುತ್ತಿತ್ತು. ಈ ಸಲ ಮುನ್ನೂರರಲ್ಲಿ ಆರಿಸಿದ ಹನ್ನೆರಡೂ ತಿರುಗಿ ಬಂದಿದ್ದವು. ಒಳಮೈಯಲ್ಲಿ ಕೂದಲೆಳೆಯಂಥ ಗೀರು.

ಹನ್ನೊಂದು ಗಂಟೆಗೆ ಕಂಪನಿಯ ಅಧಿಕಾರಿ ಬರುವವನಿದ್ದ. ಅವನ ಕೈಗೆ ಕಳಕವ್ವನ ತಪ್ಪೊಪ್ಪಿಗೆ ಕೊಡಬೇಕಿತ್ತು. ಕಳಕವ್ವ ಅಂಚು ಉಜ್ಜುವಾಗ ಅರ ಜಾರಿ ಗೀರು ಬಿದ್ದಿತು, ಅವಳನ್ನು ಕೆಲಸದಿಂದ ತೆಗೆದಿದ್ದೇವೆ, ಇಷ್ಟೇ. ಅವಳು ಸಹಿ ಮಾಡಿದರೆ ಪ್ಯಾಕಿಂಗಿನಲ್ಲಿದ್ದ ಅವಳ ಮಗಳು ಶೈಲಾಳ ಕೆಲಸ ಉಳಿಯುತ್ತದೆ.

"ನೀ ಬರಿಯಲೇ ಮಾಶಾಕ. ಐಟಿಐ ಕಲ್ತಾಂವ, ಅಕ್ಷರ ದುಂಡಗ ಅದಾವು," ಎಂದು ಸುಭಾಸ ಹಾಳೆ ಕೊಟ್ಟು ಹೋದ.

ಮಾಶಾಕ ಹಾಳೆ ಹಿಡಿದುಕೊಂಡು ನಿಂತ. ಅವನು ಈ ಶೆಡ್ಡಿನ ತಪಾಸಣೆಯವನು. ಹದಿನೇಳನೇ ನಂಬರಿನ ಅವನ ಮುದ್ರೆ ಚೀಟಿಯ ಮೇಲೆ ಬೀಳದೆ ಒಂದು ಪೆಟ್ಟಿಗೆಯೂ ಹೊರಗೆ ಹೋಗುವಂತಿರಲಿಲ್ಲ. ಆ ಮುನ್ನೂರೂ ಅವನ ಮುದ್ರೆಯಲ್ಲೇ ಹೋಗಿದ್ದವು.

ತಿಂಗಳ ಹಿಂದೆ ಕಳಕವ್ವ ಅವನನ್ನು ಕರೆದು ತೋರಿಸಿದ್ದಳು. ಮೂವತ್ತು ವರ್ಷ ಸೀರೆ ನೇಯ್ದವಳು. ಅಂಚು ಉಜ್ಜಿದ ಮೇಲೆ ಪ್ರತಿ ಬುಶ್‌ನೊಳಗೆ ಒಂದು ರೇಷ್ಮೆ ಎಳೆ ಹಾಯಿಸಿ ಎಳೆಯುವುದು ಅವಳ ರೂಢಿ. ಯಾರೂ ಕಲಿಸಿದ್ದಲ್ಲ. ಒಳಗೆ ನುಣುಪಿದ್ದರೆ ಎಳೆ ಸರ್ರನೆ ಬರುತ್ತಿತ್ತು. ಅವತ್ತು ಹರಿದು ಬಂತು.

"ತಮ್ಮಾ, ಎಳಿ ಹಿಡೀತೈತಿ. ಒಳಗ ಏನೋ ಕೆತ್ತೇತಿ. ಮೂರನೇ ಮಿಶನ್ನಿನ ಮಾಲು ಅಷ್ಟೂ ಹಿಂಗಽ ಐತಿ ನೋಡು."

ಮಾಶಾಕ ಅಳತೆ ನೋಡುವ ಗೇಜು ತೂರಿಸಿದ. ಸಲೀಸಾಗಿ ಹೊಕ್ಕಿತು. ಬೆಳಕಿಗೆ ಹಿಡಿದ. ಗೀರು ಕಂಡಿತು. ಮೂರನೇ ಯಂತ್ರದ ಕೊರೆಯುವ ಟೂಲಿನ ಮೊನೆ ಮುಕ್ಕಾಗಿತ್ತು. ಹೊಸದು ಬರಲು ಎಂಟು ದಿನ ಬೇಕು. ಹೋಗಿ ಸಾವ್ಕಾರನಿಗೆ ಹೇಳಿದ.

"ಗೇಜು ಹೊಕ್ಕತೋ ಇಲ್ಲೋ?"

"ಹೊಕ್ಕತ್ರಿ."

"ಮತ್ತ? ಫಾರ್ಮಿನ್ಯಾಗ ರೇಷ್ಮಿ ಎಳಿಗೆ ಖಾನೆ ಐತೇನು? ಒತ್ತು ಮುದ್ರಿ." ಆಮೇಲೆ ದನಿ ಇಳಿಸಿ ಹೇಳಿದ, "ನಿನ್ನ ಹೆಸರು ನೋಡಿ ಕಂಪನಿಯವರು, ಇದು ಮಿಲಿಟ್ರಿ ಮಾಲು, ಸಾಬರಾಂವ ಯಾಕ ಅಂದಿದ್ರು. ನಾ ಹೊಣಿ ನಿಂತೇನಿ. ನೆಪ್ಪಿರ್ಲಿ."

ಮಾಶಾಕ ಒತ್ತಿದ. ಹೊಸ ಟೂಲನ್ನು ಸಾವ್ಕಾರ ತರಿಸಲೇ ಇಲ್ಲ. ಮೊದಲ ದಿನ ಕೈ ತಡೆಯಿತು. ನಾಲ್ಕನೆಯ ದಿನದ ಹೊತ್ತಿಗೆ ಬೆಳಕಿಗೆ ಹಿಡಿದು ನೋಡುವುದನ್ನೇ ಬಿಟ್ಟ. ಕಳಕವ್ವ ಮತ್ತೆ ಆ ಮಾತು ಎತ್ತಲಿಲ್ಲ. ಮಧ್ಯಾಹ್ನ ಎಂದಿನಂತೆ ರೊಟ್ಟಿ ಮುರಿದು ಅವನ ಡಬ್ಬಿಗೆ ಹಾಕುತ್ತಿದ್ದಳು. ಅವನು ತಿನ್ನುತ್ತಿದ್ದ.

ಅಧಿಕಾರಿ ಬಂದ. ಸಾವ್ಕಾರನ ಕೋಣೆಗೆ ತಿನ್ನಲು ಗಿರಮಿಟ್ಟು, ಮಿರ್ಚಿ ಬಂದವು. ಮಾಶಾಕ ಮೇಜಿನ ಬದಿಗೆ ನಿಂತಿದ್ದ. ಕಳಕವ್ವನನ್ನು ಹೊಸ್ತಿಲಾಚೆ ಬರಿಗಾಲಲ್ಲಿ ನಿಲ್ಲಿಸಿದ್ದರು.

"ನಮ್ಮ ದೇಶದ ವಿಮಾನ ಉದ್ಯಮ ಇನ್ನು ಹತ್ತು ವರ್ಷದಲ್ಲಿ ಎಲ್ಲೋ ಇರುತ್ತೆ ಸುಭಾಸ್ ಅವರೇ. ನಿಮ್ಮಂಥ ಸಣ್ಣ ಊರಿನ ವರ್ಕ್‌ಶಾಪ್‌ಗಳೇ ಅದರ ಭವಿಷ್ಯ. ಆದರೆ ಜನ ನೋಡಿ." ಅಧಿಕಾರಿ ಕಳಕವ್ವನ ಒಡೆದ ಹಿಮ್ಮಡಿ ನೋಡಿದ. "ಏನಮ್ಮ, ವಿಮಾನ ನೋಡಿದೀಯಾ?"

"ಮ್ಯಾಲ ಹೋಗೂದು ನೋಡೇನ್ರಿ."

"ಒಳಗೆ ಜನ ಇರ್ತಾರೆ, ಗೊತ್ತಾ?"

"ಅದಕ್ಕಽ ಹೇಳಿದ್ನಿರಿ."

"ಏನು ಹೇಳಿದೆ? ಯಾರಿಗೆ?"

ಕಳಕವ್ವ ಗೋಡೆ ನೋಡಿದಳು. ಮಾಶಾಕನ ಕಡೆಗೆ ಕಣ್ಣು ಹೊರಳಿಸಲಿಲ್ಲ.

"ಆಕಿಗೆ ತಲಿ ಇಲ್ರಿ ಸರ್," ಎಂದ ಸುಭಾಸ. "ಮಾಶಾಕ, ಬರದದ್ದು ಓದಿ ಹೇಳಲೇ. ಸಹಿ ಮಾಡ್ಲಿ."

ಮಾಶಾಕ ಓದಿದ. "ಮೂರನೇ ಯಂತ್ರದ ಟೂಲಿನ ಮೊನೆ ಮುರಿದಿದೆ. ಕಳಕವ್ವ ಇದನ್ನು ಮೊದಲ ದಿನವೇ ನನಗೆ ಹೇಳಿದಳು. ಗೀರನ್ನು ಕಣ್ಣಾರೆ ಕಂಡು ನಾನು ಮುದ್ರೆ ಒತ್ತಿದೆ. ಇಂಥವು ಮುನ್ನೂರು ಹೋಗಿವೆ. ಯಂತ್ರ ಇವತ್ತೂ ಅದೇ ಟೂಲಿನಿಂದ ನಡೆದಿದೆ. ಸಹಿ, ಮಾಶಾಕ, ಮುದ್ರೆ ಹದಿನೇಳು."

"ಭೋಸಡಿ ಮಗನ," ಎಂದು ಸುಭಾಸ ಹಾಳೆಗೆ ಕೈ ಹಾಕಿದ. ಅಷ್ಟರಲ್ಲಿ ಅಧಿಕಾರಿ ಅದನ್ನು ತೆಗೆದುಕೊಂಡು ಇನ್ನೊಮ್ಮೆ ಓದಿದ. ಬೆರಳಿನ ಎಣ್ಣೆ ಹಾಳೆಗೆ ಇಳಿಯಿತು.

"ಮುನ್ನೂರು ಬೇಡ. ಹನ್ನೆರಡು ಅಂತ ಬರಿ," ಎಂದ. "ಉಳಿದವು ಆಗಲೇ ಕೂಡಿಸಿ ಆಯ್ತು. ಈಗ ಬಿಚ್ಚಿ ಅಂದರೆ ಮೊದಲು ನನ್ನನ್ನೇ ಮನೆಗೆ ಕಳಿಸ್ತಾರೆ. ಆ ಹೆಂಗಸಿನ ಸಹಿ ಸಾಕು."

"ಇವತ್ತಿನ ಮಾಲು, ಸರ್?"

"ತಿಂಗಳ ಕೊನೆ. ಹೋಗಲಿ."

ಮಾಶಾಕ ಹೊರಗೆ ಬಂದ. ಶೈಲಾ ಅಡ್ಡ ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಿನ್ನ ಪಾಪ ತೊಳಕೊಳ್ಳಾಕ ಹತ್ತೊಂಬತ್ತ ಒಲಿಗೆ ನೀರು ಸುರೀತಿಯೇನೋ? ಇಷ್ಟ ದಿನ ಸುಮ್ನಿದ್ದಿ, ಇನ್ನೂ ಸುಮ್ನಿರಬೇಕಿತ್ತು."

ಮಾಶಾಕ ಅವಳನ್ನು ದಾಟಿ ನಡೆದ. ಬಾಗಿಲಲ್ಲಿ ಟೆಂಪೊ ಹಿಮ್ಮುಖವಾಗಿ ನಿಂತಿತ್ತು. ನೆಲದ ಮೇಲೆ, ಅವನ ಮುದ್ರೆ ಬಿದ್ದು ಏರಿಸಲು ಸಿದ್ಧವಾದ ಇವತ್ತಿನ ಐದು ಪೆಟ್ಟಿಗೆ. ಅವನು ಹೋಗಿ ಒಂದರ ಮೇಲೆ ಕುಳಿತ. ಹಿಂದೆಯೇ ಬಂದ ಸುಭಾಸ ಬೆನ್ನಿಗೆ ಒದ್ದ. ಮಾಶಾಕ ಮುಂದಕ್ಕೆ ಮುಗ್ಗರಿಸಿ, ಎದ್ದು, ಮತ್ತೆ ಅಲ್ಲೇ ಕುಳಿತ.

"ಪೊಲೀಸರನ್ನ ಕರಸ್ತೇನಿ. ದೇಶದ್ರೋಹಿ ಅಂತ ಒಳಗ ಹಾಕಸ್ತೇನಿ ನಿನ್ನ."

"ಕರಸ್ರಿ."

ಸುಭಾಸ ಫೋನ್ ಹುಡುಕುತ್ತ ಒಳಗೆ ಹೋದ. ಕಳಕವ್ವ ಹೊರಗೆ ಬಂದಳು. ಸಹಿ ಮಾಡಿದ್ದಳೋ ಇಲ್ಲವೋ, ಮಾಶಾಕನಿಗೆ ಕೇಳುವ ಧೈರ್ಯವಾಗಲಿಲ್ಲ.

"ಇವತ್ತ ನನ್ನ ಹೆಸರು ಬಂತಂತ ಬಾಯಿ ಬಿಟ್ಟಿ," ಎಂದಳು. "ಬರದಿದ್ರ?"

ಮಾಶಾಕ ಅವಳ ಮುಖ ನೋಡಿ ಹೇಳಿದ.

"ಬಿಡ್ತಿದ್ದಿಲ್ಲ."

ಕಳಕವ್ವ ಪಕ್ಕಕ್ಕೆ ತಿರುಗಿ ಉಗುಳಿದಳು. ಒಳಗೆ ಮೂರನೇ ಯಂತ್ರ ಓಡುತ್ತಲೇ ಇತ್ತು. ಅವಳು ದೂರದಲ್ಲಿದ್ದ ಇನ್ನೊಂದು ಪೆಟ್ಟಿಗೆಯ ಬಳಿಗೆ ಹೋಗಿ, ಸೀರೆ ಸರಿಪಡಿಸಿಕೊಂಡು, ಅದರ ಮೇಲೆ ಕುಳಿತಳು. ಮಾಶಾಕನಿಗೆ ಬೆನ್ನು ಹಾಕಿ.